ಬೀರಾನಿಕ್ಕನಿಗೆ ಪಿ ವ್ಯಾಲ್ಯೂ ಪಾಠ

ಹಾಂ, ಹಾಂ... ತುಟಿ ಅಲ್ಲಾಡ್ತು, ಕಂಡೆ ನಾನು. ಬಾಯಿ ತೆಗೀಬೇಡಿ ಬೀರಾನಿಕ್ಕ. ಪಿಸುಗುಟ್ಟೋದೂ ಬೇಡ. ಪಿಸುಮಾತು ಕಿರುಚೋದಕ್ಕಿಂತ ಕೆಟ್ಟದ್ದು ಅಂತ ಎಷ್ಟು ಸಲ ಹೇಳ್ಲಿ ನಿಮಗೆ? ಬೆಳಿಗ್ಗೆ ಅಂಬುಜಾಕ್ಷನ್ ಸರ್ ಗಂಟಲೊಳಗೆ ನಳಿಗೆ ಬಿಟ್ಟು ನೋಡಿ ಏನಂದ್ರು? ಗಾಯ ಮಾಗಿದೆ, ಮಧ್ಯಾಹ್ನ ಗಂಜಿ ಕುಡಿದ ಮೇಲೆ ಮಾತಾಡ್ಲಿ ಅಂದ್ರು. ಗಂಜಿ ಬಂತಾ? ಬಂದಿಲ್ಲ. ಒಂದು ವಾರ ತಡೆದೋರಿಗೆ ಇನ್ನೊಂದು ಗಳಿಗೆ ತಡೆಯೋಕಾಗಲ್ವಾ...

ಗೊತ್ತು, ಗೊತ್ತು. ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ? ಬೇಪೂರಿನ ಬಂದರಿನಲ್ಲಿ ಒಂದು ಜನ್ಮ ಪೂರ್ತಿ ಮೀನು ಹರಾಜು ಕೂಗಿದ ಗಂಟಲು. ನಿದ್ದೆಯಲ್ಲೂ ಮೀನು ಮಾರ್ತಾರೆ ಅಂತ ನಫೀಸತ್ತ ಮೊನ್ನೆ ಹೇಳ್ತಿದ್ರು. ಈ ಒಂದು ವಾರ ಮನೆ ಎಷ್ಟು ನೆಮ್ಮದಿಯಾಗಿದೆ ಅಂದ್ರೆ, ಡಾಕ್ಟರೇ, ಇನ್ನೊಂದು ವಾರ ಇಟ್ಕೊಳ್ಳೋಕಾಗತ್ತಾ ಅಂತ ಕೇಳಿದ್ರು. ಯಾಕೆ ಹಾಗೆ ನೋಡ್ತೀರಿ? ನಿಮ್ಮ ಹೆಂಡತಿ ಹೇಳಿದ್ದು, ನಾನಲ್ಲ.

ಸರಿ, ಎಲ್ಲಿದ್ದೆ? ಸರಾಸರಿ. ಇದೊಂದು ಕೇಳಿಬಿಡಿ, ನಿಮಗೆ ಪುಣ್ಯ ಬರತ್ತೆ. ಮೂರು ಗಂಟೆಗೆ ಅಂಬುಜಾಕ್ಷನ್ ಸರ್ ಮುಂದೆ ನಿಂತು ನನ್ನ ಥೀಸಿಸಿನ ಲೆಕ್ಕಾಚಾರ ಒಪ್ಪಿಸಬೇಕು. ಅಂಕಿಅಂಶ ಬರದಿದ್ರೆ ಥೀಸಿಸು ಮುಂದಕ್ಕೆ, ಥೀಸಿಸು ಮುಂದಕ್ಕೆ ಹೋದ್ರೆ ಪರೀಕ್ಷೆ ಮುಂದಕ್ಕೆ, ಪರೀಕ್ಷೆ ಮುಂದಕ್ಕೆ ಹೋದ್ರೆ ನಮ್ಮಪ್ಪ ಊರಿಗೆಲ್ಲ ಕಿವಿ ಮೂಗು ಗಂಟಲಿನ ಸ್ಪೆಷಲಿಸ್ಟ್ ಅಂತ ಸಾರಿಕೊಂಡು ಬಂದಿದ್ದು ಮಣ್ಣುಪಾಲು. ಗಂಟಲು ಕೊಯ್ಯೋಕೆ ನಂಗೆ ಭಯ ಇಲ್ಲ ನೋಡಿ. ಕೈ ನಡುಗಲ್ಲ. ಈ ಅಂಕಿಗಳ ಮುಂದೆ ನಿಂತ್ರೆ ಮಾತ್ರ ನನ್ನ ಹೆಸರೇ ಮರೆತುಹೋಗತ್ತೆ. ಇನ್ನು ಈ ಆಸ್ಪತ್ರೇಲಿ ನಾನು ಹೇಳಿದ್ದನ್ನ ಮಧ್ಯೆ ಬಾಯಿ ಹಾಕದೆ ಕೇಳೋರು ಅಂತ ಇದ್ರೆ ಅದು ನೀವೊಬ್ಬರೇ.

ಯಾಕೆ ನಗ್ತೀರಿ? ಭುಜ ಕುಣೀತಾ ಇದೆ. ನಗೋದಾದ್ರೆ ಸದ್ದಿಲ್ಲದೆ ನಗಿ.

ಈಗ ಕೇಳಿ. ಒಂದು ಬುಟ್ಟೀಲಿ ಹತ್ತು ಬೂತಾಯಿ ಇದೆ ಅಂತ ಇಟ್ಕೊಳ್ಳಿ. ಒಂದೊಂದೂ ಗೇಣುದ್ದ ಕೂಡ ಇಲ್ಲ. ಹನ್ನೊಂದನೇದಾಗಿ ಒಂದು ಶಾರ್ಕ್ ತಂದು ಅದೇ ಬುಟ್ಟಿಗೆ ಹಾಕ್ತೀನಿ... ಬುಟ್ಟಿ ಸಾಲಲ್ಲ, ಗೊತ್ತು. ದೊಡ್ಡ ಬುಟ್ಟಿ ಅಂತ ಇಟ್ಕೊಳ್ಳಿ. ಲೆಕ್ಕಕ್ಕೆ ತಾನೇ? ಈಗ ಸರಾಸರಿ ತೆಗೆದ್ರೆ ಬುಟ್ಟೀಲಿರೋ ಮೀನು ಒಂದೊಂದೂ ಮೊಳದುದ್ದ ಅಂತ ಬರತ್ತೆ. ಆ ಬುಟ್ಟೀಲಿ ಮೊಳದುದ್ದದ ಮೀನು ಒಂದಾದ್ರೂ ಇದೆಯಾ? ಇಲ್ಲ. ಇರೋದೆಲ್ಲ ಚಿಕ್ಕದು, ಇಲ್ಲಾ ರಾಕ್ಷಸ. ಅದಕ್ಕೆ ಏನು ಮಾಡ್ಬೇಕು? ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿಸಿ ನಟ್ಟನಡುವಿನದನ್ನ ಹಿಡೀಬೇಕು. ಅದು ಬೂತಾಯೀನೇ ಸಿಗತ್ತೆ. ಆ ನಡುವಿನದಕ್ಕೆ ಮೀಡಿಯನ್ ಅಂತಾರೆ. ಶಾರ್ಕ್ ಎಷ್ಟೇ ಬಾಲ ಬಡೀಲಿ, ನಡುವಿನೋನು ಜಗ್ಗಲ್ಲ.

ತಲೆ ಆಡಿಸ್ತಿದ್ದೀರಲ್ಲ. ಅರ್ಥ ಆಯ್ತಾ? ನಿಜವಾಗ್ಲೂ? ನಂಗೆ ಅರ್ಥ ಆಗೋಕೆ ಎರಡು ವರ್ಷ ಬೇಕಾಯ್ತು.

ಕ್ಲಾಸಿನಲ್ಲಿ ಇವರು ಹೀಗೆ ಹೇಳಿಕೊಟ್ಟಿದ್ರೆ ಆಗ್ತಿತ್ತಪ್ಪ. ಬೋರ್ಡ್ ತುಂಬ ಗ್ರೀಕ್ ಅಕ್ಷರ ಬರೆದು ಹಾಕ್ತಾರೆ. ಒಂದು ದಿನ ಸರ್ ನನ್ನ ಎಬ್ಬಿಸಿ ನಿಲ್ಲಿಸಿ, ಪ್ರಬಿತಾ, ಪಿ ವ್ಯಾಲ್ಯೂ ಅಂದ್ರೇನು ಅಂತ ಕೇಳಿದ್ರು. ನಾನು ಧೈರ್ಯವಾಗಿ, ನನ್ನ ಸಂಶೋಧನೆ ತಪ್ಪಾಗಿರೋ ಸಂಭವ ಎಷ್ಟು ಅಂತ ಹೇಳೋದು ಸರ್ ಅಂದೆ. ಅದಕ್ಕೆ ಪಿ ವ್ಯಾಲ್ಯೂ ಬೇಕಾಗಿಲ್ಲಮ್ಮ, ನಿನ್ನ ಮುಖ ನೋಡಿದ್ರೆ ಸಾಕು, ಕೂತ್ಕೋ ಅಂದ್ರು.

ನಗಿ, ನಗಿ. ಅವತ್ತು ಎಲ್ರೂ ನಕ್ಕರು. ನಮ್ಮ ಜಿತೇಶ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಕತೆ ಹೇಳ್ತೀನಿ ಕೇಳಿ. ಟಾನ್ಸಿಲ್ ಆಪರೇಶನ್ ಆದ ಮಕ್ಕಳ ಮೇಲೆ ಅವನ ಥೀಸಿಸು. ಕೆಲವು ಮಕ್ಕಳ ವಯಸ್ಸು ಬರ್ಕೊಂಡಿರ್ಲಿಲ್ಲ. ವಯಸ್ಸು ಗೊತ್ತಿಲ್ಲದ ಕಡೆ ತೊಂಬತ್ತೊಂಬತ್ತು ಅಂತ ಹಾಕೋದು ನಮ್ಮಲ್ಲಿ ರೂಢಿ. ಅಂದ್ರೆ ಗೊತ್ತಿಲ್ಲ ಅಂತ ಗುರುತು, ಅಷ್ಟೇ. ಇದು ಗುರುತು ಕಣಪ್ಪ, ವಯಸ್ಸಲ್ಲ ಅಂತ ಕಂಪ್ಯೂಟರಿಗೆ ಹೇಳೋದನ್ನ ಇವನು ಮರೆತ. ಅದು ಪಾಪ, ಎಲ್ಲಾ ಸೇರಿಸಿ ಸರಾಸರಿ ತೆಗೀತು. ಇವನು ಸೂಟು ಹಾಕ್ಕೊಂಡು ವೇದಿಕೆ ಹತ್ತಿ, ನಮ್ಮ ಅಧ್ಯಯನದ ಮಕ್ಕಳ ಸರಾಸರಿ ವಯಸ್ಸು ಮೂವತ್ತೊಂದು ಅಂತ ಓದಿದ. ಓದಿ ಮುಂದಿನ ಸ್ಲೈಡಿಗೂ ಹೋದ. ಹಿಂದಿನ ಸಾಲಿನಿಂದ ಯಾರೋ, ಆ ಮಕ್ಕಳ ಮಕ್ಕಳು ಚೆನ್ನಾಗಿದ್ದಾರಾ ಅಂತ ಕೇಳಿದ್ರು.

ಸಾಕು, ಸಾಕು. ಹೊಟ್ಟೆ ಹಿಡ್ಕೊಂಡು ನಕ್ಕರೆ ಗಂಟಲಿಗೆ ಏಟು ಬೀಳತ್ತೆ. ನೀರು ಕುಡೀರಿ.

ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಯಾಂಪಲ್. ಹೋಟೆಲಿನೋನು ಬಂದರಿಗೆ ಬಂದು ಬುಟ್ಟೀಲಿರೋ ಮೀನನ್ನೆಲ್ಲ ಒತ್ತಿ ನೋಡ್ತಾನಾ? ಒಂದನ್ನ ಎತ್ತಿ ಕಿವಿರು ಬಿಡಿಸಿ ನೋಡ್ತಾನೆ. ಕೆಂಪಗಿದ್ರೆ ಬುಟ್ಟಿ ಪೂರ್ತಿ ತಾಜಾ ಅಂತ ಲೆಕ್ಕ. ನಾವೂ ಅಷ್ಟೇ, ಕೆಲವರ ಗಂಟಲು ನೋಡಿ ಎಲ್ಲರ ಗಂಟಲಿನ ಬಗ್ಗೆ ಮಾತಾಡ್ತೀವಿ. ಆದ್ರೆ ಎತ್ತೋ ಮೀನು ಮೇಲಿನದೇ ಆದ್ರೆ? ಬೀರಾನಿಕ್ಕನ ಬುಟ್ಟೀಲಿ ಮೇಲಿನ ಸಾಲು ಯಾವಾಗ್ಲೂ ಮದುಮಗನ ಥರ ಇರತ್ತೆ, ಕೆಳಗಿನದನ್ನ ಕೇಳಬಾರದು ಅಂತ ಅಪ್ಪ ಹೇಳ್ತಿದ್ರು...

ಅಯ್ಯೋ, ದಿಂಬು ಎಸೀಬೇಡಿ. ಅಪ್ಪ ಹೇಳಿದ್ದು ಕಣ್ರೀ. ವೇಲಾಯುಧನ್ ಹೇಳಿದ್ದು. ನಿಮ್ಮಿಬ್ಬರ ಜಗಳ ನಿಮ್ಮಿಬ್ಬರದು. ಅವರ ದೋಣಿ ಮೀನಿಗೆ ಬೇರೆ ಯಾರು ಕೂಗಿದ್ರೂ ಒಪ್ಪದೆ ನಿಮ್ಮನ್ನೇ ಕಾಯ್ತಾ ಕೂರ್ತಿದ್ರಲ್ಲ, ಅದನ್ನೂ ಹೇಳ್ತೀನಿ ಬೇಕಾದ್ರೆ. ಮೀನು ಬಿಸಿಲಿಗೆ ಬಾಡಿದ್ರೂ ಪರವಾಗಿಲ್ಲ, ಬೀರಾನ್ ಕೂಗ್ಲಿ ಅಂತಿದ್ರು. ಹಾಂ, ಈಗ ಮುಖ ಸರಿಹೋಯ್ತು.

ಏನು? ಬಾಗಿಲಾ? ಯಾರೋ ಕೆಮ್ತಾ ಇದ್ದಾರೆ ಅಷ್ಟೇ. ಹೊರಗಡೆ ಬೆಂಚಿನ ತುಂಬ ಜನ ಇದ್ದಾರೆ ಬೀರಾನಿಕ್ಕ, ಇದು ಗಂಟಲಿನ ವಾರ್ಡು, ಇಲ್ಲಿ ಕೆಮ್ಮದೆ ಹಾಡ್ತಾರಾ? ಬಿಡಿ. ನೋಡೋಕೆ ಬೇರೆ ಡಾಕ್ಟರಿದ್ದಾರೆ.

ಈಗ ಮುಖ್ಯವಾದದ್ದು. ನನ್ನ ಥೀಸಿಸು ಏನು ಅಂತ ನಿಮಗೆ ಗೊತ್ತಲ್ಲ, ಅದರಲ್ಲಿ ನೀವೂ ಒಬ್ಬರು. ದನಿಯ ತಂತಿ ಮೇಲಿನ ಗಂಟು ತೆಗೆದ ಮೇಲೆ ಎಷ್ಟು ದಿನ ಬಾಯಿ ಮುಚ್ಚಿಕೊಂಡಿರಬೇಕು? ಹಳೇ ಡಾಕ್ಟರುಗಳು ಒಂದು ವಾರ ಅಂತಾರೆ. ಹೊಸಬರು ಮೂರು ದಿನ ಸಾಕು, ಜಾಸ್ತಿ ಸುಮ್ಮನಿದ್ರೆ ಗಂಟಲು ಸೋಮಾರಿಯಾಗತ್ತೆ ಅಂತಾರೆ. ಯಾರು ಸರಿ? ಯಾರಿಗೂ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ. ಅದಕ್ಕೆ ಅರ್ಧ ಜನಕ್ಕೆ ಒಂದು ವಾರ, ಅರ್ಧ ಜನಕ್ಕೆ ಮೂರು ದಿನ ಕೊಟ್ಟು ಕೊನೆಗೆ ಯಾರ ದನಿ ಚೆನ್ನಾಗಿದೆ ಅಂತ ನೋಡೋದು. ನಿಮಗೆ ವಾರ ಬಂತು. ನಿಮ್ಮ ಪಕ್ಕದ ಹಾಸಿಗೆಯ ಸುಗುಣನ್‌ಗೆ ಮೂರು ದಿನ ಬಂತು.

ಹೌದು, ಅವರೇ, ವಡಗರ ಬಸ್ಸಿನ ಕಂಡಕ್ಟರು. ಒಳ್ಳೇ ಜೋಡಿ ಕಣ್ರೀ ನಿಮ್ಮದು. ಇಬ್ಬರೂ ಬಾಯಿ ಕಟ್ಟಿಕೊಂಡು ಬರೀ ಕೈಸನ್ನೆಯಲ್ಲಿ ಜಗಳ ಆಡ್ತಿದ್ರಿ. ಅವರು ಶಿಳ್ಳೆ ಹೊಡೆಯೋ ಥರ ಬೆರಳು ತೋರಿಸಿ ನಿಮ್ಮನ್ನ ಬಸ್ಸಿನಿಂದ ಇಳಿಸೋದು, ನೀವು ಅವರನ್ನ ಮೀನಿನ ಥರ ಎತ್ತಿ ಕಿವಿರು ನೋಡೋದು. ಸಿಸ್ಟರುಗಳೆಲ್ಲ ಕೆಲಸ ಬಿಟ್ಟು ನೋಡ್ತಾ ನಿಂತಿರ್ತಿದ್ರು. ಮೂರು ದಿನ ಮುಗಿದು ಅವರು ಮಾತಾಡಿದಾಗ ನಿಮ್ಮ ಮುಖ ನೋಡಬೇಕಿತ್ತು. ಹೊಟ್ಟೆಕಿಚ್ಚು. ಮನೆಗೆ ಹೊರಡೋವಾಗ ನಿಮ್ಮ ಕೈ ಹಿಡಿದು ಏನೋ ಅಂದ್ರಲ್ಲ, ಏನಂದ್ರು? ...ಹೇಳೋಕಾಗಲ್ಲ, ಸರಿ. ಆಮೇಲೆ ಹೇಳಿ.

ಪಿ ವ್ಯಾಲ್ಯೂಗೆ ಬರ್ತೀನಿ. ನಮ್ಮ ಬಂದರಿನ ಕೋಯಾ ತನ್ನ ದೋಣಿಗೆ ಹಸಿರು ಬಣ್ಣ ಬಳಿದ. ಬಣ್ಣ ಬಳಿದ ಮೇಲೆ ಬಲೆಗೆ ಮೀನು ಜಾಸ್ತಿ ಬೀಳ್ತಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಾನೆ. ನಾವು ಏನು ಮಾಡ್ಬೇಕು? ಮೊದಲು ಅವನನ್ನ ನಂಬಬಾರದು. ಕೋಯಾನ್ನ ನೀವು ಹೇಗೂ ನಂಬಲ್ಲ, ಗೊತ್ತು, ನಾನು ಹೇಳ್ತಿರೋದು ಲೆಕ್ಕದ ಅಪನಂಬಿಕೆ. ಬಣ್ಣದಲ್ಲಿ ಏನೂ ಇಲ್ಲ, ಮೀನಿಗೆ ಹಸಿರೂ ಒಂದೇ ನೀಲೀನೂ ಒಂದೇ ಅಂತ ಇಟ್ಕೊಳ್ಳೋದು. ಇಟ್ಕೊಂಡು ಕೇಳೋದು: ಹಾಗಿದ್ರೂ ಬರೀ ಅದೃಷ್ಟದ ಮೇಲೆ ಇಷ್ಟೊಂದು ಮೀನು, ಅಥವಾ ಇದಕ್ಕಿಂತ ಜಾಸ್ತಿ ಬೀಳೋದು ಎಷ್ಟು ಅಪರೂಪ? ಆ ಅಪರೂಪದ ಅಳತೇನೇ ಪಿ ವ್ಯಾಲ್ಯೂ. ನೂರಕ್ಕೆ ಐದಕ್ಕಿಂತ ಕಮ್ಮಿ ಬಂದ್ರೆ, ಇರಪ್ಪ, ಬಣ್ಣದಲ್ಲಿ ಏನೋ ಇದ್ರೂ ಇರಬಹುದು ಅಂತೀವಿ.

ಐದೇ ಯಾಕೆ ಅಂತೀರಾ? ಆರು ಯಾಕಲ್ಲ? ಬೆರಳು ಎಣಿಸಿ ತೋರಿಸ್ತಿದ್ದೀರಿ, ಅದೇ ಪ್ರಶ್ನೆ ತಾನೇ? ನಾನೂ ಕೇಳಿದ್ದೆ. ಯಾವನೋ ಪುಣ್ಯಾತ್ಮ ಯಾವಾಗ್ಲೋ ಐದು ಅಂದ, ಎಲ್ಲರೂ ಅದನ್ನೇ ಹಿಡ್ಕೊಂಡ್ರು. ಈಗ ಐದೂಕಾಲು ಬಂದ ಹುಡುಗ್ರು ಹಾಸ್ಟೆಲಿನಲ್ಲಿ ಊಟ ಬಿಟ್ಟು ಮಲಗ್ತಾರೆ, ನಾಲ್ಕೂಮುಕ್ಕಾಲು ಬಂದೋರು ಬಿರಿಯಾನಿ ಕೊಡಿಸ್ತಾರೆ.

ಈಗ ನಾನು ಸರ್ ಮುಂದೆ ನಿಂತಿದ್ದೀನಿ ಅಂತ ಇಟ್ಕೊಳ್ಳಿ. ನೀವೇ ಸರ್. ಹುಬ್ಬು ಗಂಟು ಹಾಕಿ... ಅಷ್ಟೊಂದು ಬೇಡ. ಹಾಂ, ಹಾಗೆ. ಸರ್, ನನ್ನ ಅಧ್ಯಯನದಲ್ಲಿ ಎಂಬತ್ತು ಜನ ಇದ್ದಾರೆ. ಇಬ್ಬರಲ್ಲಿ ಒಬ್ಬರಿಗೆ ವಾರ, ಒಬ್ಬರಿಗೆ ಮೂರು ದಿನ. ಯಾರಿಗೆ ಯಾವುದು ಅನ್ನೋದನ್ನ... ಅನ್ನೋದನ್ನ ಆಯ್ಕೆ ಮಾಡಿದ್ದು... ಥೂ, ಇಲ್ಲೇ ನಾಲಿಗೆ ತೊಡರತ್ತೆ. ಬಿಡಿ. ಆಮೇಲಿನದು ಹೇಳ್ತೀನಿ. ದನಿಯ ಗುಣವನ್ನ ಅಳೆಯೋಕೆ, ಸರ್...

ಇಲ್ಲ, ಹಿಂದಕ್ಕೆ ಹೋಗು ಅಂತ ಕೈ ಮಾಡಬೇಡಿ. ಆ ಭಾಗ ನಂಗೆ ಬರತ್ತೆ. ಬರತ್ತೆ ಅಂದ್ನಲ್ಲ. ಅದು ಸುಲಭ. ಚೀಟಿ ಎತ್ತಿದ ಹಾಗೆ. ಮೊದಲೇ ಯಾರೋ ಬೇರೆಯೋರು ಕಂಪ್ಯೂಟರಿನಲ್ಲಿ ಕಲಸಿ, ದಪ್ಪ ಕಂದು ಕವರಿನಲ್ಲಿ ಹಾಕಿ, ಅಂಟಿಸಿ, ಮೇಲೆ ನಂಬರು ಬರೆದು ಇಟ್ಟಿರ್ತಾರೆ. ಒಂದನೇ ರೋಗಿಗೆ ಒಂದನೇ ಕವರು, ಎರಡನೇ ರೋಗಿಗೆ ಎರಡನೇದು. ಆಪರೇಶನ್ ಆದ ಮೇಲೆ ಅದನ್ನ ಹರಿದು ನೋಡೋದು. ಒಳಗೆ ಏನಿದೆಯೋ ಅದು. ಡಾಕ್ಟರು ಆರಿಸೋ ಹಾಗಿಲ್ಲ.

ಯಾಕೆ ಅಂತ ಕೇಳ್ತೀರಾ? ಡಾಕ್ಟರಿಗೂ ಮನಸ್ಸಿರತ್ತಲ್ಲ, ಅದಕ್ಕೆ. ಆರಿಸೋಕೆ ಬಿಟ್ರೆ ಕೈ ತನಗೆ ಬೇಕಾದ ಕಡೆಗೇ ಹೋಗತ್ತೆ. ಗಟ್ಟಿ ಇರೋರನ್ನ ಒಂದು ಕಡೆ, ಬಡಕಲು ಇರೋರನ್ನ ಇನ್ನೊಂದು ಕಡೆ, ಬೇಕಾದೋರನ್ನ ಇಲ್ಲಿ, ಬೇಡದೋರನ್ನ ಅಲ್ಲಿ ಹಾಕಿಬಿಡ್ತೀವಿ. ಆಮೇಲೆ ವ್ಯತ್ಯಾಸ ಬಂದ್ರೂ ಅದು ಔಷಧಿಯಿಂದ ಬಂತಾ ನಮ್ಮ ಕೈಯಿಂದ ಬಂತಾ ಅಂತ ಪರಮಾತ್ಮನಿಗೂ ತಿಳಿಯಲ್ಲ. ಮಿಕ್ಕಿದ್ದೆಲ್ಲ, ಸರಾಸರಿ, ಪಿ ವ್ಯಾಲ್ಯೂ, ಎಲ್ಲಾ ನಿಂತಿರೋದು ಈ ಕವರಿನ ಮೇಲೆ. ಪುಸ್ತಕದಲ್ಲಿ ಮೊದಲನೇ ಪಾಠವೇ ಅದು.

ನೋಡಿ, ಬಂತಲ್ಲ. ಹೇಳಿದ್ನಲ್ಲ ಬರತ್ತೆ ಅಂತ.

ಮತ್ತೆ ಆ ಕೆಮ್ಮು. ಒಣ ಕೆಮ್ಮು... ಒಡೆದ ಹಾಗಿದೆ. ನೀವು ಯಾಕೆ ಏಳ್ತೀರಿ? ಕೂತ್ಕೊಳ್ಳಿ. ನಾನು ಬಾಗಿಲು ಹಾಕಿ ಬರ್ತೀನಿ.

ಹಾಂ. ಗಂಜಿ ಬಂತು ನೋಡಿ, ಸರಿಯಾದ ಹೊತ್ತಿಗೆ. ಹೆಸರುಕಾಳು ಪಲ್ಯ, ಹಪ್ಪಳ. ಹಪ್ಪಳ ಬೇಡ, ನಂಗೆ ಕೊಡಿ, ಗಂಟಲಿಗೆ ಚುಚ್ಚತ್ತೆ. ನಿಧಾನ. ಬಿಸಿ ಇದೆ. ನೀವು ಕುಡೀರಿ, ನಾನು ನೋಡ್ತಾ ಕೂರ್ತೀನಿ. ನಿಜ ಹೇಳ್ಲಾ, ಇವತ್ತು ಬೆಳಿಗ್ಗೆಯಿಂದ ನಂಗೆ ಊಟ ಸೇರಿಲ್ಲ. ಮೂರು ಗಂಟೆಯ ಸೆಮಿನಾರಿಗೆ ಅಂತ ತಿಳ್ಕೊಂಡ್ರಾ? ಸೆಮಿನಾರಿಗೂ ಹೌದು. ಆದ್ರೆ ಅದಕ್ಕಿಂತ... ನೀವು ಬಾಯಿ ತೆಗೆದಾಗ ಏನು ಬರತ್ತೋ ಅಂತ. ನಿಮಗೆ ಗೊತ್ತಾ, ನಮ್ಮ ಮನೇಲಿ ಗಡಿಯಾರ ಇದ್ದಿದ್ದು ಬರೀ ಅಲಂಕಾರಕ್ಕೆ. ಬೆಳಗಿನ ಜಾವ ಬಂದರಿನಿಂದ ನಿಮ್ಮ ಕೂಗು ಕೇಳಿದ್ರೆ ಅಮ್ಮ ಹುಣಸೆಹಣ್ಣು ನೆನೆ ಹಾಕೋಳು. ಅಪ್ಪನ ದೋಣಿ ಬಂತು, ಮನೆಗೆ ಮೀನು ಬರತ್ತೆ ಅಂತ. ಕೂಗು ತಡ ಆದ್ರೆ ಅಮ್ಮ ಏನೂ ಹೇಳ್ತಿರ್ಲಿಲ್ಲ, ಬಾಗಿಲಿಗೆ ಹೋಗಿ ನಿಲ್ಲೋಳು. ಆಮೇಲೆ ಎಲ್ಲೋ ದೂರದಲ್ಲಿ ನೀವು ಶುರು ಮಾಡ್ತಿದ್ರಿ. ಆಗ ನಾನು ಮತ್ತೆ ಮಗ್ಗುಲು ಬದಲಾಯಿಸಿ ಮಲಗ್ತಿದ್ದೆ. ಆ ದನಿ ನನ್ನ ಕೈಯಿಂದ ಹೋಯ್ತು ಅಂದ್ರೆ ನಾನು ಬೇಪೂರಿಗೆ ಮುಖ ಹೇಗೆ ತೋರಿಸ್ಲಿ? ಅಪ್ಪ ನನ್ನ ಮನೆಗೆ ಸೇರಿಸ್ತಾರಾ?

ಮುಗೀತಾ? ಬಾಯಿ ಒರೆಸ್ಕೊಳ್ಳಿ. ಈಗ ಆಯ್ತು ಬೀರಾನಿಕ್ಕ. ನಿಮ್ಮ ವಾರ ಮುಗೀತು. ಮಾತಾಡಿ.

ಮಾತಾಡಿ ಅಂದೆ.

ಜೋರಾಗಿ ಬೇಡ. ಪಕ್ಕದಲ್ಲಿರೋರ ಹತ್ತಿರ ಮಾತಾಡೋ ಹಾಗೆ, ಸಣ್ಣಗೆ. ಒಂದು ಮಾತು ಸಾಕು. ನಿಮ್ಮ ಹೆಸರು ಹೇಳಿ... ಬೇಡವಾ? ನಫೀಸತ್ತನ ಹೆಸರು ಹೇಳಿ. ಬೂತಾಯಿ ಅನ್ನಿ. ನಂಗೆ ಬೈಯಿರಿ ಬೇಕಾದ್ರೆ, ಒಂದು ವಾರದಿಂದ ತಲೆ ತಿಂದಿದ್ದೀನಿ.

ಯಾಕೆ? ನೋಯ್ತಾ ಇದೆಯಾ? ಇಲ್ಲ ಅಂತ ತಲೆ ಆಡಿಸ್ತೀರಿ. ಉಸಿರು ತಗೊಳ್ಳಿ. ಹಾಂ, ಈಗ ಬಿಡೋವಾಗ ಆ ಅನ್ನಿ.

ಬೀರಾನಿಕ್ಕ, ತಮಾಷೆ ಮಾಡಬೇಡಿ.

ಬೆಳಿಗ್ಗೆ ಸರ್ ನೋಡಿದಾಗ ಎರಡು ತಂತೀನೂ ಚೆನ್ನಾಗಿ ಅಲ್ಲಾಡ್ತಿತ್ತು. ನಾನೇ ಪರದೆ ಮೇಲೆ ಕಂಡೆ. ಊತ ಇಲ್ಲ, ಏನಿಲ್ಲ. ದನಿ ಬರಲೇಬೇಕು. ಪ್ರಯತ್ನ ಮಾಡ್ತಿದ್ದೀರಾ, ಇಲ್ವಾ? ನನ್ನ ಕಡೆ ನೋಡಿ. ಬರ್ತಾ ಇಲ್ವಾ? ಜಾಸ್ತಿ ದಿನ ಸುಮ್ಮನಿದ್ದಿದ್ದಕ್ಕೆ ಹೀಗಾಯ್ತಾ? ಆ ಹೊಸ ಡಾಕ್ಟರುಗಳು ಹೇಳಿದ್ದೇ ಸರೀನಾ? ಅಯ್ಯೋ ದೇವರೇ. ವಾರ ಅಂದ್ರೆ ಭದ್ರ ಅಂದ್ಕೊಂಡೆ ನಾನು. ಜಾಸ್ತಿ ಸುಮ್ಮನಿದ್ರೆ ಕೆಟ್ಟದ್ದೇನಾಗತ್ತೆ, ಮೂರು ದಿನಕ್ಕೆ ಬಿಟ್ರೆ ಈ ಮನುಷ್ಯ ನಾಲ್ಕನೇ ದಿನ ಬಂದರಿಗೆ ಹೋಗಿ ಕೂಗ್ತಾರೆ, ಗಂಟಲು ಹರ್ಕೋತಾರೆ ಅಂತ... ನಿಮಗೆ ಬಂದಿದ್ದು ಬಂದ ಹಾಗೇ ಬಿಟ್ಟಿದ್ರೆ...

ಏನೂ ಇಲ್ಲ. ಏನೋ ಬಾಯಿಗೆ ಬಂತು.

ಹಾಗೆ ನೋಡಬೇಡಿ.

ಅವತ್ತು ಕೈಯಲ್ಲಿ ಎರಡು ಕವರಿತ್ತು, ಅಷ್ಟೇ. ಒಂದು ನಿಮ್ಮದು, ಆಮೇಲಿನದು ಸುಗುಣನ್ ಅವರದು. ಇಬ್ಬರಿಗೂ ಅವತ್ತೇ ಆಪರೇಶನ್ ಆಗಿತ್ತಲ್ಲ. ನಿಮ್ಮದು ಹರಿದೆ. ಮೂರು ದಿನ ಅಂತಿತ್ತು. ಓದಿದ್ದೇ ತಡ, ಅವರದ್ದೂ ಹರಿದು ನೋಡ್ದೆ. ವಾರ ಅಂತಿತ್ತು. ಒಂದು ಕ್ಷಣ ಕೂಡ ಯೋಚನೆ ಮಾಡ್ಲಿಲ್ಲ ಬೀರಾನಿಕ್ಕ, ಕೈ ತಾನಾಗೇ ಅದಲು ಬದಲು ಮಾಡ್ತು. ವಾರ ನಿಮಗೆ, ಮೂರು ದಿನ ಅವರಿಗೆ. ಎಂಬತ್ತು ಜನದಲ್ಲಿ ಇಬ್ಬರು ತಾನೇ, ಲೆಕ್ಕ ಏನು ಮುಳುಗಿಹೋಗತ್ತೆ ಅಂತ ನಂಗೆ ನಾನೇ ಹೇಳ್ಕೊಂಡೆ.

ಯಾಕೆ, ಆಶ್ಚರ್ಯ ಆಗ್ಲಿಲ್ವಾ ನಿಮಗೆ?

ಗೊತ್ತಿತ್ತಾ? ಹೇಗೆ? ನೀವು ಮಂಪರಿನಲ್ಲಿದ್ರಿ, ಕಣ್ಣು ಮುಚ್ಚಿತ್ತು, ನಾನು ನೋಡಿದ್ದೆ... ಕಿವೀನಾ? ಕಿವಿಯಲ್ಲಿ ಏನು... ಎರಡು. ಎರಡು ಸಲ ಹರಿದ ಸದ್ದು. ಒಬ್ಬ ರೋಗಿಗೆ ಒಂದು ಕವರು ಅಂತ ಹಿಂದಿನ ದಿನ ನಾನೇ ನಿಮಗೆ ವಿವರಿಸಿ ಸಹಿ ಹಾಕಿಸಿಕೊಂಡಿದ್ದೆ. ವಾರ ಪೂರ್ತಿ ನಿಮಗೆ ಗೊತ್ತಿತ್ತು. ನಾನು ಇಲ್ಲಿ ಕೂತ್ಕೊಂಡು ಮೀನಿನ ಪಾಠ ಮಾಡ್ತಾ ಇದ್ದೆ, ನೀವು ತಲೆ ಆಡಿಸ್ತಾ ಇದ್ರಿ.

ನಗ್ತಿದ್ದೀರಾ? ಹಾಗಾದ್ರೆ ದನಿ ಇದೆ. ಇದೆ ಅಲ್ವಾ? ಬೇಕಂತಲೇ ಸುಮ್ಮನಿದ್ರಿ. ಬಂದರಿನಲ್ಲೂ ಇದನ್ನೇ ಮಾಡ್ತೀರಿ, ನೋಡಿದ್ದೀನಿ ನಾನು. ಜೋರಾಗಿ ಕೂಗ್ತಾ ಕೂಗ್ತಾ ತಟ್ಟನೆ ನಿಲ್ಲಿಸಿ ಕೊಳ್ಳೋನ ಮುಖ ನೋಡ್ತಾ ನಿಂತುಬಿಡ್ತೀರಿ. ಅವನಿಗೆ ತಡೆಯೋಕಾಗಲ್ಲ, ತಾನೇ ಬಾಯಿ ಬಿಡ್ತಾನೆ. ನನ್ನ ಹತ್ತಿರಾನೂ ಅದೇ ಆಟ. ಎಂಥ ಮನುಷ್ಯ ರೀ ನೀವು. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ನನ್ನ ಎದೆ ನಿಂತುಹೋಗ್ತಿತ್ತು.

ಸರಿ, ಗೆದ್ರಿ. ಈಗಾದ್ರೂ ಮಾತಾಡಿ.

...ಇನ್ನೂ ಇಲ್ವಾ?

ಬಾಗಿಲ ಕಡೆ ಯಾಕೆ ನೋಡ್ತೀರಿ? ಅಲ್ಲಿ ಯಾರೂ...

ಹೌದು. ಅವರೇ. ಸುಗುಣನ್ ಬೆಳಿಗ್ಗೆಯಿಂದ ಕೂತಿದ್ದಾರೆ. ನಾನು ಒಳಗೆ ಬರೋವಾಗ್ಲೇ ಕಂಡೆ. ಎದ್ದು ನಿಂತು ನಕ್ಕರು, ಏನೋ ಹೇಳೋಕೆ ಬಂದ್ರು, ದನಿ ಗರಗಸದ ಹಾಗೆ ಬಂತು. ಬಸ್ಸಿಗೆ ಹೋಗಿದ್ದಾರೆ, ಕೂಗಿದ್ದಾರೆ, ಕೆಟ್ಟಿದೆ. ಒಂದು ನಿಮಿಷ ಬಂದೆ ಅಂತ ಹೇಳಿ ನಿಮ್ಮ ಹತ್ತಿರ ಬಂದು ಕೂತೆ. ನೀವು ಆ ಕೆಮ್ಮು ಮೊದಲನೇ ಸಲಕ್ಕೇ ಗುರುತು ಹಿಡಿದ್ರಿ, ಅಲ್ವಾ? ನಾನೂ ಹಿಡಿದೆ.

ನೋಡಿ, ಒಬ್ಬರಿಂದ ಏನೂ ಸಾಬೀತಾಗಲ್ಲ. ಅದೇ ಪುಸ್ತಕ ಹೇಳೋದು. ವಾರ ಸುಮ್ಮನಿದ್ದಿದ್ರೂ ಅವರ ಗಂಟಲು ಹೀಗೇ ಆಗಬಹುದಿತ್ತು. ಮೂರು ದಿನದ ಗುಂಪಿನಲ್ಲಿ ಎಷ್ಟೋ ಜನ ಹಕ್ಕಿ ಥರ ಮಾತಾಡ್ತಿದ್ದಾರೆ. ನಾನು ಕವರು ಬದಲಾಯಿಸಿದ್ದಕ್ಕೇ ಆಯ್ತು ಅಂತ ಯಾವ ಲೆಕ್ಕಾನೂ ಹೇಳಲ್ಲ. ಎಂಬತ್ತು ಜನದಲ್ಲಿ ಒಬ್ಬರು...

ಏನಾದ್ರೂ ಅನ್ನಿ ಬೀರಾನಿಕ್ಕ. ಹಾಗೆ ಸುಮ್ಮನೆ ನೋಡಬೇಡಿ.

ಅವರಿಗೂ ಮನೇಲಿ ಯಾರೋ ಇರ್ತಾರೆ, ಗೊತ್ತು. ಅವರ ಶಿಳ್ಳೆ ಕೇಳಿ ಒಲೆ ಹಚ್ಚೋರು. ನಂಗೆ ಅದು ಅವತ್ತು ಹೊಳೀಲಿಲ್ಲ. ನಿಜವಾಗ್ಲೂ ಹೊಳೀಲಿಲ್ಲ. ನಿಮ್ಮ ಮುಖ ಗೊತ್ತಿತ್ತು, ಅವರದ್ದು ಬರೀ ನಂಬರಾಗಿತ್ತು. ಅಷ್ಟೇ ನಡೆದಿದ್ದು. ನಿಮಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು, ಆದ್ರೆ ಅದರ ಇನ್ನೊಂದು ತುದಿ ಅವರ ಗಂಟಲಿನಲ್ಲಿತ್ತು. ನಾಚಿಕೆ ಆಗತ್ತೆ ಕಣ್ರೀ ನಂಗೆ.

ಸರ್‌ಗೆ ಹೇಳಿದ್ರೆ ಏನಾಗತ್ತೆ ಗೊತ್ತಲ್ಲ? ಥೀಸಿಸು ಹೋಗತ್ತೆ. ಪೂರ್ತಿ ಹೋಗದಿದ್ರೂ ಈ ವರ್ಷ ಹೋಗತ್ತೆ. ಒಂದು ಕವರು ಬದಲಾಯಿಸಿದೋಳು ಮಿಕ್ಕ ಕವರು ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರೆ. ಸರಿಯಾಗೇ ಕೇಳ್ತಾರೆ. ನಾನಾಗಿದ್ರೂ ಕೇಳ್ತಿದ್ದೆ. ಅಪ್ಪನಿಗೆ ನೀವೇ ಹೇಳ್ಬೇಕು, ನನ್ನ ಕೈಲಿ ಆಗಲ್ಲ. ನಿಮ್ಮಿಂದ ಅಷ್ಟಾದ್ರೂ ಆಗತ್ತಾ? ...ಆಗತ್ತೆ. ಸರಿ.

ನಾನು ಎದ್ದು ಆ ಬಾಗಿಲು ತೆಗೆಯೋವರೆಗೂ ನೀವು ಬಾಯಿ ಬಿಡಲ್ಲ, ಅಲ್ವಾ? ಅದೇ ತಾನೇ?

ಹಠಮಾರಿ ಮುದುಕ. ಕನ್ನಡಕ ಎಲ್ಲಿಟ್ಟೆ... ಇಲ್ಲೇ ಇದೆ.

ಸುಗುಣನ್... ಬನ್ನಿ. ಒಳಗೆ ಬನ್ನಿ. ಕಾಯಿಸಿದೆ, ಕ್ಷಮಿಸಿ. ಇಲ್ಲ, ಇಲ್ಲ, ನೀವು ಮಾತಾಡಬೇಡಿ, ಒಂದಕ್ಷರ ಬೇಡ. ನಿಮ್ಮ ಹಳೇ ಹಾಸಿಗೆ ಮೇಲೇ ಕೂತ್ಕೊಳ್ಳಿ. ಬೀರಾನಿಕ್ಕನ್ನ ಆಮೇಲೆ ಮಾತಾಡಿಸುವಿರಂತೆ. ಮೊದಲು ನಿಮ್ಮ ಗಂಟಲು ನೋಡ್ತೀನಿ... ಅಲ್ಲ. ಮೊದಲು ಹೇಳ್ತೀನಿ, ಗಂಟಲು ಅಂಬುಜಾಕ್ಷನ್ ಸರ್ ನೋಡ್ಲಿ. ಅವರನ್ನ ನಾನೇ ಕರ್ಕೊಂಡು ಬರ್ತೀನಿ, ಅವರಿಗೂ ಇದೇ ಮಾತು ಹೇಳ್ತೀನಿ. ಮೂರು ದಿನ ಸುಮ್ಮನಿದ್ರೆ ಸಾಕು, ಆಮೇಲೆ ಮಾತಾಡಿ ಅಂತ ನಿಮಗೆ ಹೇಳಿದ್ನಲ್ಲ, ಸುಗುಣನ್? ಅದು ನಿಮ್ಮ ಕವರಿನಲ್ಲಿ ಇದ್ದಿದ್ದಲ್ಲ. ನಿಮ್ಮದರಲ್ಲಿ ಒಂದು ವಾರ ಅಂತ ಇತ್ತು. ನಾನು ಅದನ್ನ ತೆಗೆದು ಇವರಿಗೆ ಕೊಟ್ಟೆ. ಇವರು ನಂಗೆ ಬೇಕಾದೋರು ಅಂತ.

...

ಏನಂದ್ರಿ ಬೀರಾನಿಕ್ಕ?

ಇಲ್ಲ, ಕೇಳಿಸ್ತು. ಚೆನ್ನಾಗೇ ಕೇಳಿಸ್ತು, ಬಂದರಿನ ಅದೇ ದನಿ. ಇನ್ನೊಂದು ಸಲ ಅನ್ನಿ.